ಇಬ್ಬರೂ ಸೇರಿ ಒಂದಾಳು

ನನ್ನ ಷಡ್ಡಕನನ್ನು ಅರ್ಧ ಮನುಷ್ಯನೆಂದು ಕರೆದರೆ ಆತನಿಗೆ ಕಿಂಚಿತ್ತೂ ಬೇಸರವಿಲ್ಲ. ಪೂರ್ತಿ ಮನುಷ್ಯನೆಂದರೆ ಮಾತ್ರ ಸಿಟ್ಟು ನೆತ್ತಿಗೇರುತ್ತದೆ! ಇಂಥವನನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ? ನಾನಂತೂ ಕಂಡದ್ದಷ್ಟೇ ಅಲ್ಲ, ಹೆಂಡತಿಯ ತಂಗಿಯ ಗಂಡನೆಂದು ನಾಲ್ಕು ಜನರಿಗೆ ಪರಿಚಯಿಸುವ ಹೊಣೆಯನ್ನೂ ಹೊತ್ತಿದ್ದೇನೆ. ನಾಚಿಕೆಯು ಮನುಷ್ಯನ ಮೈಮೇಲೆ ಯಾವ ಕ್ರಮದಲ್ಲಿ ಏರುತ್ತದೆಂಬುದನ್ನು ನಾನು ಆತನ ಪಕ್ಕದಲ್ಲಿ ನಿಂತೇ ಕಲಿತೆ: ಮೊದಲು ಕಿವಿ, ಆಮೇಲೆ ಕುತ್ತಿಗೆ.

ಆತ ಮಮದಾಪುರದ ಕುರಿಗಾರ ಮನೆತನದವನು. ಆತನಿಗೊಬ್ಬ ತಮ್ಮನಿದ್ದಾನೆ. ಒಂದು ವರ್ಷ ಕಬ್ಬು ಅರೆಯುವ ಹಂಗಾಮಿನಲ್ಲಿ ಅಣ್ಣ ಸಕ್ಕರೆ ಕಾರ್ಖಾನೆಗೆ, ತಮ್ಮ ಕುರಿಯ ಬೆನ್ನಿಗೆ. ಮರುವರ್ಷ ತಮ್ಮ ಕಾರ್ಖಾನೆಗೆ, ಅಣ್ಣ ಕುರಿಯ ಬೆನ್ನಿಗೆ. ಕುರಿಯ ಪಾಳಿ ಬಂದವನು ಹೊಲ ಹೊಲಗಳಲ್ಲಿ ಹಿಂಡು ತಂಗಿಸುತ್ತ ದಡ್ಡಿ ಊರಿನ ಹೊಳೆಯ ದಂಡೆಯವರೆಗೆ ನಡೆಯಬೇಕು. “ಇಬ್ರೂ ಸೇರಿ ಒಂದಾಳು” ಎಂಬುದು ಆ ಮನೆಯ ಪದ್ಧತಿ. ಷಡ್ಡಕನು ಅದನ್ನು ಪದ್ಧತಿಯೆಂದು ತಿಳಿಯದೆ ಶರೀರಶಾಸ್ತ್ರವೆಂದು ತಿಳಿದುಬಿಟ್ಟ!

ಕಲ್ಲೋಳಿಯಲ್ಲಿ ನನ್ನ ಮಗಳ ಮದುವೆಯಾದಾಗ ಫೋಟೋಕ್ಕೆ ಎಲ್ಲರೂ ಸಾಲಾಗಿ ನಿಂತೆವು. ಈತ ತನ್ನ ಎಡಕ್ಕೆ ಒಬ್ಬ ಮನುಷ್ಯ ಹಿಡಿಯುವಷ್ಟು ಜಾಗ ಬಿಟ್ಟು ನಿಂತ. ಫೋಟೋದವನು “ಕಾಕಾ, ಸಮೀಪ ಸರೀರಿ” ಎಂದು ಗಂಟಲು ಹರಿದುಕೊಂಡ. “ತಮ್ಮ ಕುರಿ ಕೂಡ ಹೋಗ್ಯಾನ್ರಿ, ಆ ಜಾಗಾ ಅವನ್ದು” ಎಂದು ಈತ ಕಂಬವಾದ. ಫೋಟೋ ಇಂದಿಗೂ ನಮ್ಮ ಗೋಡೆಯ ಮೇಲಿದೆ. “ಬಂದವರೆಲ್ಲಾ ಅಲ್ಲಿ ಯಾರ್ ತೀರ್ಕೊಂಡಾರ ಅಂತ ಕೇಳ್ತಾರ, ಏನ್ ಹೇಳ್ಲಿ?” ಎಂದು ನನ್ನ ಹೆಂಡತಿ ಹಣೆ ಚಚ್ಚಿಕೊಳ್ಳುತ್ತಾಳೆ.

ಮೂಡಲಗಿಯ ಹಲ್ಲಿನ ವೈದ್ಯರ ಕಥೆ ಇದಕ್ಕಿಂತ ಘನವಾದದ್ದು. ಕುರ್ಚಿಯಲ್ಲಿ ಒರಗಿ ಬಾಯಿ ಅಗಲಿಸಿದವನನ್ನು ವೈದ್ಯರು “ಯಾವ ಹಲ್ಲು ನೋಯ್ತೈತಿ?” ಎಂದು ಕೇಳಿದರು. “ನನಗೇನೂ ನೋವಿಲ್ರಿ. ತಮ್ಮಗ ಐತಿ. ಇಬ್ಬರ ಹಲ್ಲೂ ಒಂದ ನಮೂನಿ ಅದಾವು, ನೋಡಿ ಗುಳಿಗಿ ಕೊಡ್ರಿ!” ಜೊತೆಗೆ ಹೋಗಿದ್ದ ನಾನು ಹೊರಗೆ ಬಂದು, ಯಾರದೋ ಮೋಟಾರ್ ಸೈಕಲ್ಲಿನ ಗಾಲಿಯನ್ನು ಬಹಳ ಹೊತ್ತು ಪರೀಕ್ಷಿಸಿದೆ.

ಇಂತಹ ಮಹಾಶಯನಿಗೆ ವಯಸ್ಸಾಯಿತು. ಪಿಂಚಣಿಯ ಪ್ರಶ್ನೆ ಎದ್ದಿತು. ಮೊಣಕಾಲು ಹೋಗಿ ತಮ್ಮನೂ ಮನೆ ಹಿಡಿದಿದ್ದ, ಕುರಿ ಮಾರಿಯಾಗಿತ್ತು. ಪಿಂಚಣಿ ಬಾರದಿದ್ದರೆ ಆ ಮನೆಯ ಒಲೆಗೆ ಬೇರೆ ಆಧಾರವಿರಲಿಲ್ಲ. ಆದರೆ ಒಂದು ವರ್ಷ ಬಿಟ್ಟು ಒಂದು ವರ್ಷ ಕಾರ್ಖಾನೆಯಲ್ಲಿ ದುಡಿದವನ ಭವಿಷ್ಯ ನಿಧಿಯ ವಂತಿಗೆಯಲ್ಲಿ ತೆರವುಗಳದೇ ಮೆರವಣಿಗೆ! “ನಡುವ ವಂತಿಗಿ ತಪ್ಪಿದ್ರ ಹಿಂದಿಂದೆಲ್ಲಾ ಮುಳುಗಿಹೋಗತೈತಿ” ಎಂದು ಊರೆಲ್ಲ ತೀರ್ಪು ಕೊಟ್ಟಿತು. ಊರೆಲ್ಲ ಹೇಳಿತೆಂಬ ಒಂದೇ ಕಾರಣಕ್ಕೆ ನಾನದನ್ನು ನಂಬಲಿಲ್ಲ. ನನ್ನ ಶಾಲೆ ನಾಲ್ಕನೆಯ ಇಯತ್ತೆಗೆ ನಿಂತಿತು. ಅಲ್ಲಿಂದಾಚೆಗೆ ನನಗೆ ನಾನೇ ಮಾಸ್ತರ. ನಿಯಮಗಳನ್ನು ತರಿಸಿ ಓದಿದೆ. ತೆರವು ತೆರವೇ, ಆದರೆ ತುಂಬಿದ್ದನ್ನು ಅದು ನುಂಗುವುದಿಲ್ಲ. ತುಂಬಿದ ವರ್ಷಗಳೆಲ್ಲ ಕೂಡಿ ಹತ್ತಾದರೆ ಸಾಕು.

ಗೋಕಾಕದಲ್ಲಿ ಭವಿಷ್ಯ ನಿಧಿಯವರ ಎರಡು ದಿನದ ಶಿಬಿರ ನಡೆದಾಗ, ಮೊದಲ ದಿನವೇ ಆತನನ್ನು ಎಳೆದುಕೊಂಡು ಹೋದೆ. ಮೇಜಿನ ಹಿಂದೆ ಕುಳಿತಿದ್ದ ಹೆಣ್ಣುಮಗಳು ಗಣಕಯಂತ್ರ ನೋಡಿ ಕೇಳಿದಳು: “ನಡು ನಡು ಖಾಲಿ ಐತಲ್ರಿ ಕಾಕಾ, ಆವಾಗ ಎಲ್ಲಿದ್ರಿ?”

“ಎಲ್ಲಿ ಖಾಲಿ ಐತವಾ? ತಮ್ಮನ ಹೆಸರಿಲೆ ನೋಡು, ತುಂಬೈತಿ.”

“ಅವರ ಬ್ಯಾರೆ, ನೀವ ಬ್ಯಾರೆ.”

“ಯಾರ್ ಹೇಳಿದ್ರು ನಿನಗ?”

ಸಾಲಿನಲ್ಲಿದ್ದವರು ನಗತೊಡಗಿದರು. ನನ್ನ ಕಿವಿ ಬಿಸಿಯಾಯಿತು. ಮಾನ ಉಳಿಸಿಕೊಳ್ಳಲು ಮುಂದೆ ನುಗ್ಗಿ, ನಿಯಮವನ್ನು ಗ್ರಾಂಥಿಕ ಭಾಷೆಯಲ್ಲಿ ವಿವರಿಸಿದೆ. ಆಕೆ ಷಡ್ಡಕನತ್ತ ತಿರುಗಿ, “ಇವ್ರ್ಯಾರ್ರೀ, ನಿಮ್ಮ ಮೂರನೇ ತುಂಡ?” ಎಂದಳು. ಕುತ್ತಿಗೆಯೂ ಬಿಸಿಯಾಯಿತು.

ಆದರೆ ಲೆಕ್ಕ ನನ್ನದೇ ಸರಿಯಾಗಿತ್ತು! “ಕಾಕಾ, ನಿಮ್ಮವು ಹತ್ತು ತುಂಬ್ಯಾವು. ಪಿಂಚಣಿ ಬರತೈತಿ. ತಮ್ಮನವು ಆರ ಅದಾವು, ಅವರಿಗಿ ಬರೂದಿಲ್ಲ.” ನಾನು ಜಗದ್ವಿಜಯಿಯಂತೆ ಸುತ್ತ ನೋಡಿದೆ. ಷಡ್ಡಕನ ಮುಖ ಮಾತ್ರ ಕಳವಿನಲ್ಲಿ ಸಿಕ್ಕಿಬಿದ್ದವನ ಮುಖವಾಗಿತ್ತು.

“ಸಮಾ ಇರಬೇಕಿತ್ತು,” ಎಂದ ಮೆಲ್ಲಗೆ. “ಮಂಜಿನ್ಯಾಗ ಬಯಲಾಗ ಮಲಗಿದ್ರ ನನಗ ದಮ್ಮು ಏರತಿತ್ತು. ತನ್ನ ಕಾರ್ಖಾನಿ ಪಾಳಿ ಇದ್ದಾಗೂ ಅಂವಾ ‘ನೀ ಒಳಗ ಹೋಗಣ್ಣಾ, ಕುರಿ ನಾ ಒಯ್ತೇನಿ’ ಅಂತಿದ್ದ. ಹೂಂ ಅಂದೆ. ಒಮ್ಮಿ ಅಲ್ಲ, ಎರಡ ಸಲ. ನನಗ ನಾಚಿಕಿ ಆಗತೈತವಾ. ಹೆಚ್ಚಿಗಿ ಆಗಿದ್ದು ತಿರುಗಿ ಅವಂಗ ಹಾಕು.”

“ಹಂಗ ಹಾಕಾಕ ಬರೂದಿಲ್ರಿ. ಹಾಕಿದ್ರೂ ಹತ್ತು ಯಾರವೂ ಆಗೂದಿಲ್ಲ. ಇಬ್ಬರಿಗೂ ಇಲ್ಲಾಗತೈತಿ!”

“ಆಗ್ಲಿ ಬಿಡು. ಸಮಾ ಆತಲ್ಲ!”

ಸಹಿ ಹಾಕದೆ ಎದ್ದುಬಿಟ್ಟ. ನಾನು ಬೈದೆ, ಬೇಡಿದೆ. ನನ್ನ ಓದೆಲ್ಲ ಆ ಮೇಜಿನ ಮೇಲೆ ಅನಾಥವಾಗಿ ಬಿದ್ದಿತ್ತು.

ಮಮದಾಪುರಕ್ಕೆ ಮರಳಿ ಬಂದು ವಿಷಯವೆಲ್ಲ ಹೇಳಿದಾಗ, ಕಟ್ಟೆಯ ಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ತಮ್ಮ ಬಾಟಲಿಯನ್ನು ಕುಕ್ಕಿದ. “ನಾ ಅಷ್ಟ ವರ್ಷ ನಡದದ್ದು ನೀ ಉಸರಾಡ್ಲಿ ಅಂತ. ಈಗ ನೀನ ಅದನ್ನ ಬ್ಯಾಡಾ ಅಂತಿ? ಹಂಗಾದ್ರ ನಾ ಸುಮ್ಮನ ನಡದಂಗಾತಲ್ಲೋ!” ಅಣ್ಣ ಬಾಟಲಿ ಎತ್ತಿಕೊಂಡು ತಮ್ಮನ ಮೊಣಕಾಲಿಗೆ ತಾನೇ ಎಣ್ಣೆ ತಿಕ್ಕತೊಡಗಿದ. ಮರುದಿನ ನನ್ನೊಡನೆ ಗೋಕಾಕಕ್ಕೆ ಬಂದು ಸಹಿ ಹಾಕಿದ.

ಪಿಂಚಣಿದಾರನು ವರ್ಷಕ್ಕೊಮ್ಮೆ ಯಂತ್ರದ ಮೇಲೆ ಬೆರಳೊತ್ತಿ ತಾನು ಬದುಕಿದ್ದೇನೆಂದು ಸಾಬೀತುಪಡಿಸಬೇಕು. ಮೊದಲ ಸಲ ಸೇವಾ ಕೇಂದ್ರಕ್ಕೆ ಷಡ್ಡಕನು ತಮ್ಮನನ್ನು ಹೆಗಲು ಕೊಟ್ಟು ನಡೆಸಿಕೊಂಡು ಬಂದ. ತನ್ನ ಬೆರಳು ಒತ್ತಿದ; ಹಸಿರು ದೀಪ ಬಂದಿತು. ಆಮೇಲೆ ತಮ್ಮನ ಕೈ ಹಿಡಿದು ಅದೇ ಗಾಜಿನ ಮೇಲಿಟ್ಟ. ಕೆಂಪು ದೀಪ. ಹಿಂದೆ ಸಾಲು ಗೊಣಗುತ್ತಿತ್ತು. ಅಭ್ಯಾಸಬಲದಿಂದ ನನ್ನ ಕಿವಿಗಳು ಬಿಸಿಯಾಗಲು ಸಿದ್ಧವಾದವು.

“ಕಾಕಾ, ಇವರ್ದು ಬೇಕಾಗಿಲ್ರಿ,” ಎಂದಳು ಯಂತ್ರದ ಹುಡುಗಿ. “ಇವರನ್ನ ಯಾರೂ ಕೇಳಿಲ್ಲ.”

ಆತ ತಮ್ಮನ ಕೈಯನ್ನು ಗಾಜಿನ ಮೇಲಿಂದ ತೆಗೆಯಲಿಲ್ಲ. ಅದರ ಮೇಲೆ ತನ್ನದನ್ನೂ ಇಟ್ಟ.

“ಅದಕ್ಕ ಕರಕೊಂಡ ಬಂದೇನವಾ. ಇಂವಾನೂ ಅದಾನಂತ ಬರಕೋ.”