ಕಾಯಿಲೆಯ ಹೆಸರಿಗೊಂದು ಲೈಸೆನ್ಸು

ಪುಕ್ಕಟೆ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವವರ ಪೈಕಿ ನಾನು. ಅಂಗಡಿಯವರು ಹೊಸ ವರ್ಷಕ್ಕೆ ಹಂಚುವ ಕ್ಯಾಲೆಂಡರುಗಳನ್ನು ತೂಗುಹಾಕಲು ಹಳೇಬೀಡಿನ ನಮ್ಮ ಮನೆಯಲ್ಲಿ ಗೋಡೆಗಳು ಸಾಲುವುದಿಲ್ಲ. ಎಲ್ಲದರಲ್ಲೂ ಅದೇ ಅಮಾವಾಸ್ಯೆ, ಇಷ್ಟೊಂದು ಕ್ಯಾಲೆಂಡರು ಯಾಕೆ ಎಂದು ನನ್ನವಳು ಕೇಳುತ್ತಲೇ ಇರುತ್ತಾಳೆ. ಇಂಥ ನನಗೆ, ಆಸ್ಪತ್ರೆಯ ರೋಗಿಗಳ ವಿವರ ಇಟ್ಟುಕೊಳ್ಳುವ ತಂತ್ರಾಂಶವೊಂದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಳಗೆ ಬಿಚ್ಚಿಯೂ ನೋಡಬಹುದು ಎಂದು ತಿಳಿದ ಮೇಲೆ ಸುಮ್ಮನೆ ಕೂರಲು ಸಾಧ್ಯವೇ?

ಆಗ ನಾನು ಬೇಲೂರಿನ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ರೆಕಾರ್ಡ್ ರೂಮಿನ ಗುಮಾಸ್ತ. ರೂಮು ಅನ್ನುವುದು ಗೌರವಕ್ಕೆ, ಇದ್ದದ್ದು ಗೋಣಿಚೀಲಗಳು. ಬಿಕ್ಕೋಡಿನ ಎಸ್ಟೇಟಿನಿಂದ ಬಂದವರು ಹಳೆಯ ಚೀಟಿ ಕಳೆದುಕೊಂಡಿದ್ದರೆ, ಅವರಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂದು ತಿಳಿಯಲು ನಾನು ಚೀಲದೊಳಗೆ ತಲೆ ತೂರಿಸಬೇಕು. ಚೀಟಿ ಸಿಗುವಷ್ಟರಲ್ಲಿ ಸೀನಿ ಸೀನಿ ನಾನೇ ರೋಗಿಯಾಗಿರುತ್ತಿದ್ದೆ. ಯಾರೋ ಪುಣ್ಯಾತ್ಮರು ಆಸ್ಪತ್ರೆಗೊಂದು ಕಂಪ್ಯೂಟರ್ ದಾನ ಕೊಟ್ಟರು. ತಂತ್ರಾಂಶವನ್ನು ನಾನೇ ಕೂರಿಸುತ್ತೇನೆಂದು ಕಮಿಟಿಯ ಮುಂದೆ ಎದೆ ತಟ್ಟಿಕೊಂಡೆ. ಅಧ್ಯಕ್ಷರಾದ ಅರೇಹಳ್ಳಿಯ ಕಾಫಿ ಬೆಳೆಗಾರ ಪುಟ್ಟೇಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ನೋಡಿ ಶ್ರೀಕಂಠಯ್ನೋರೇ, ಮುಂದಿನ ಮೀಟಿಂಗಿಗೆ ಇದು ಕೆಲ್ಸ ಮಾಡ್ನಿಲ್ಲ ಅಂದ್ರೆ ಪೆಟ್ಗೆ ನಮ್ ತೋಟದ ಆಫೀಸಿಗೆ ಬತ್ತದೆ. ಕಾಫಿ ಮೂಟೆ ಲೆಕ್ಕನಾದ್ರೂ ಬರ್ಕಳ್ಳಿ." ಅಂದರೆ ಕಂಪ್ಯೂಟರ್ ಅರೇಹಳ್ಳಿಗೆ, ನಾನು ಮತ್ತೆ ಗೋಣಿಚೀಲಕ್ಕೆ.

ಅರಸೀಕೆರೆಯ ರೈಲ್ವೆ ಸ್ಟೇಷನ್ ಹತ್ತಿರ ಸೈಬರ್ ಸೆಂಟರ್ ಇಟ್ಟಿದ್ದ ಗೆಳೆಯ ಬಸವರಾಜು ತಂತ್ರಾಂಶವನ್ನು ಸಿ.ಡಿ.ಗೆ ಇಳಿಸಿಕೊಟ್ಟ. ಬೇಲೂರಿಗೆ ತಂದು ನೋಡಿದರೆ, ಊಟಕ್ಕೆ ಕರೆದವರು ಅಕ್ಕಿ, ಬೇಳೆ, ಹುಣಸೆಹಣ್ಣು ಕೈಗಿತ್ತು ಬಿಸಿಬೇಳೆಬಾತ್ ನೀವೇ ಮಾಡಿಕೊಳ್ಳಿ ಎಂದಂತಿತ್ತು. ಬರೀ ಪ್ರೋಗ್ರಾಮಿನ ಕಚ್ಚಾ ಬರವಣಿಗೆ. ಅದನ್ನು ಕಟ್ಟಿ, ಓಡುವ ಹಾಗೆ ಮಾಡುವ ಕೆಲಸ ನಮ್ಮದು. ಕಟ್ಟಲು ಕೂತರೆ ಇಂಥದೊಂದು ಭಾಗ ಇಲ್ಲ ಎನ್ನುವುದು. ಅರಸೀಕೆರೆಗೆ ಬಸ್ಸು ಹತ್ತಿ ಆ ಭಾಗ ತಂದರೆ, ಅದಕ್ಕೆ ಬೇಕಾದ ಇನ್ನೊಂದಿಲ್ಲ ಎನ್ನುವುದು. ಇನ್ನೊಂದನ್ನು ತಂದರೆ, ಇದು ಹೊಸದಾಯಿತು, ಹಳೆಯದೇ ಬೇಕು ಎಂದು ಮೊಂಡು ಹಿಡಿಯುವುದು. ಹಾಲು ಬೇಕಾದರೆ ಹುಲ್ಲು ತಾ, ಹುಲ್ಲು ಬೇಕಾದರೆ ಕುಡುಗೋಲು ತಾ ಎಂದು ನಮ್ಮಜ್ಜಿ ಹೇಳುತ್ತಿದ್ದ ಕಥೆ ಸುಳ್ಳಲ್ಲ ಎಂದು ಆಗ ಮನವರಿಕೆಯಾಯಿತು. ಬಸ್ಸಿನ ಕಂಡಕ್ಟರ್ ನನ್ನ ಕೈಯಲ್ಲಿನ ಸಿ.ಡಿ. ನೋಡಿ, ಯಾವ ಸಿನಿಮಾ ಎಂದು ಕೇಳುವುದನ್ನೂ ಬಿಟ್ಟ. ಬಸವರಾಜು ಮಾತ್ರ ಸಮಾಧಾನ ಹೇಳುತ್ತಿದ್ದ: "ಎರರ್ ಬಂದ್ರೆ ಒಳ್ಳೇದು ಕಣೋ. ಏನೂ ಬರ್ದೆ ಸುಮ್ನಿದ್ರೆ ಹೆದರ್ಕೋಬೇಕು."

ಅಂತೂ ಒಂದು ದಿನ ಅದು ಕಣ್ಣು ಬಿಟ್ಟಿತು. ಬಿಟ್ಟ ಕೂಡಲೇ ಉದ್ದನೆಯ ಕರಾರೊಂದನ್ನು ತೋರಿಸಿ ಒಪ್ಪಿಗೆ ಕೇಳಿತು. ಇದು ಸರಿಯಾಗಿ ಕೆಲಸ ಮಾಡುತ್ತದೆಂಬ ಖಾತರಿ ಇಲ್ಲ, ಏನಾದರೂ ಆದರೆ ನಾವು ಹೊಣೆಯಲ್ಲ ಎಂಬುದು ಅದರ ಸಾರಾಂಶ. ನಾನು ಅದನ್ನು ಮತ್ತೊಮ್ಮೆ ಮೊದಲಿಂದ ಓದತೊಡಗಿದೆ. ನಮ್ಮ ಡಾಕ್ಟರ್ ಸರಳಾ ಮೇಡಂ ಇಣುಕಿ ನೋಡಿ, ಆಪರೇಷನ್ನಿಗೆ ಮುಂಚೆ ನಾವು ರೋಗಿಗಳಿಂದ ರುಜು ಹಾಕಿಸಿಕೊಳ್ಳುವುದೂ ಇದಕ್ಕೇ ಅಲ್ಲವೇ, ಒತ್ತಿ ಎಂದರು. ಒತ್ತಿದೆ.

ನಿಜವಾದ ಕಾಟ ಶುರುವಾದದ್ದು ಆಮೇಲೆ. ರೋಗಿಯ ಹೆಸರು, ಊರು ಎಲ್ಲ ಬರೆದಾಯಿತು. ಕಾಯಿಲೆ ಎಂಬಲ್ಲಿ ಮಾತ್ರ ಖಾಲಿ. ಖಾಲಿ ಬಿಟ್ಟರೆ ಮುಂದಕ್ಕೆ ಹೋಗದು. ವಿಚಾರಿಸಿದರೆ, ತಂತ್ರಾಂಶ ಎಲ್ಲರದೂ ಹೌದು, ಆದರೆ ಕಾಯಿಲೆಗಳ ಹೆಸರಿನ ಪಟ್ಟಿ ಮಾತ್ರ ಪರದೇಶದ ಇನ್ಯಾರದೋ ಸ್ವತ್ತಂತೆ. ಅದಕ್ಕೆ ಬೇರೆ ಲೈಸೆನ್ಸು ಬೇಕಂತೆ. ಮನೆ ಪುಕ್ಕಟೆ, ಬಾಗಿಲಿಗೆ ಮಾತ್ರ ಬಾಡಿಗೆ. ಅರ್ಜಿ ಹಾಕಿದೆ; ಉತ್ತರವಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕೆಮ್ಮು ನಮ್ಮದು, ಕೆಮ್ಮುವ ಎದೆ ನಮ್ಮದು, ಹೆಸರು ಮಾತ್ರ ಅವರದೇ?

ಅದೇ ಸಿಟ್ಟಿನಲ್ಲಿ ಕೂತು ನಮ್ಮದೇ ಪಟ್ಟಿ ಬರೆದುಬಿಟ್ಟೆ. ನಮ್ಮ ಜನ ಹೇಳಿಕೊಳ್ಳುವ ಮಾತಿನಲ್ಲೇ: ಎದೆ ಉರಿ, ಸೊಂಟ ಹಿಡಿದದ್ದು, ಹೊಟ್ಟೆ ಕಿವುಚುವುದು, ತಲೆ ಗಿರ್ ಅನ್ನುವುದು. ದೊಡ್ಡ ಕಾಯಿಲೆಗಳನ್ನು ಮೇಡಂ ಸೇರಿಸಿದರು. ಕೊನೆಗೊಂದು ತೊಡಕು ಉಳಿಯಿತು. ಕೆಲವರು ವಾರವಾರವೂ ಬಂದು, ನೆಟ್ಟಗಿರುವ ಬಿ.ಪಿ.ಯನ್ನು ನೋಡಿಸಿಕೊಂಡು, ಮಳೆ ಬೆಳೆ ಎಲ್ಲ ಹೇಳಿ ಎದ್ದು ಹೋಗುತ್ತಾರೆ. ಅವರಿಗೆ ಕಾಯಿಲೆಯಿಲ್ಲ, ಯಂತ್ರವೋ ಖಾಲಿ ಬಿಡಗೊಡದು. ಅಂಥವರಿಗಾಗಿ ಪಟ್ಟಿಯ ಕೊನೆಯಲ್ಲಿ 'ಮಾತಾಡಲು ಬಂದದ್ದು' ಎಂದು ಸೇರಿಸಿದೆ. ಆಗ ಬಹಳ ಜಾಣತನವೆಂದುಕೊಂಡೆ.

ಮೀಟಿಂಗಿನ ದಿನ ಕಮಿಟಿಯವರೆಲ್ಲ ಕಂಪ್ಯೂಟರನ್ನು ಸುತ್ತುವರಿದರು. ಯಾರ ವಿವರ ತೋರಿಸಲಿ ಎಂದೆ. "ನಂದೇ ತಗೀರಿ" ಎಂದರು ಪುಟ್ಟೇಗೌಡರು. ತೆಗೆದೆ. ಹೆಸರು ಬಂತು, ಊರು ಬಂತು, ಅದರ ಕೆಳಗೆ ವಾರವಾರದ ಸಾಲುಗಳು: ಮಾತಾಡಲು ಬಂದದ್ದು, ಮಾತಾಡಲು ಬಂದದ್ದು, ಮಾತಾಡಲು ಬಂದದ್ದು. ಪರದೆ ಬದಲಿಸಲು ನಾನು ಗುಂಡಿಗಾಗಿ ತಡಕಾಡಿದೆ. ಗೌಡರು ಕನ್ನಡಕ ಸರಿಮಾಡಿಕೊಂಡು ಎಲ್ಲ ಸಾಲನ್ನೂ ನಿಧಾನವಾಗಿ ಓದಿದರು. ಆಮೇಲೆ ಮೇಡಂ ಕಡೆ ತಿರುಗಿ, "ಏನವ್ವಾ, ಇದು ವಾಸಿ ಆಗೋದಾ?" ಎಂದರು. ಮೇಡಂ ನಗಲಿಲ್ಲ. "ಇಲ್ಲ ಗೌಡ್ರೇ, ವಾರಕ್ಕೊಂದ್ಸಲ ಬರ್ತಾನೇ ಇರಬೇಕು" ಎಂದರು. ಕಂಪ್ಯೂಟರ್ ಬೇಲೂರಿನಲ್ಲೇ ಉಳಿಯಿತು.

ಇಲ್ಲಿಗೆ ಮುಗಿಸಿದ್ದರೆ ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ಸ್ವಲ್ಪ ದಿನದಲ್ಲಿ ಹಾರನಹಳ್ಳಿ ಕಡೆಯ ಸಣ್ಣ ಆಸ್ಪತ್ರೆಯವರು ನಮ್ಮ ಪಟ್ಟಿಯ ಪ್ರತಿ ಕೇಳಿದರು. ಕೊಡುವ ಮುಂಚೆ ಅದೇನು ಬುದ್ಧಿ ಬಂತೋ, ಕೆಳಗೆ ಎರಡು ಸಾಲು ಸೇರಿಸಿದೆ: ಈ ಪಟ್ಟಿ ಶ್ರೀಕಂಠಯ್ಯನದು, ಅವನ ಅಪ್ಪಣೆಯಿಲ್ಲದೆ ಬೇರೆಯವರಿಗೆ ಕೊಡಕೂಡದು. ಸುದ್ದಿ ಗೌಡರಿಗೆ ಮುಟ್ಟಿತು. ಹೇಳಿ ಕಳಿಸಿದರು: ಕೊನೆಯ ಕಾಯಿಲೆ ನನ್ನನ್ನು ನೋಡಿಯೇ ಬರೆದದ್ದು, ಅದರ ಹಕ್ಕು ನನ್ನದು, ನನ್ನನ್ನು ಕೇಳದೆ ಹಾರನಹಳ್ಳಿಗೆ ಹೇಗೆ ಕೊಟ್ಟಿರಿ?

ತಮಾಷೆಯೋ ನಿಜವೋ ತಿಳಿಯದೆ, ಭಾನುವಾರ ಅರೇಹಳ್ಳಿಯ ಬಸ್ಸು ಹತ್ತಿದೆ. ಗೌಡರು ಜಗಲಿಯ ಮೇಲೆಯೇ ಕೂತಿದ್ದರು. "ಏನ್ ಬಂದ್ರಿ ಶ್ರೀಕಂಠಯ್ನೋರೇ?" ಎಂದರು. ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿ, "ಏನಿಲ್ಲ, ಹಾಗೇ ಮಾತಾಡಲು ಬಂದೆ" ಎಂದುಬಿಟ್ಟೆ.

ಗೌಡರು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. "ಕೂತ್ಕಳಿ. ಬೇಗ ವಾಸಿ ಆಗೋ ಕಾಯ್ಲೆ ಅಲ್ಲ ಅದು."