ಬೆಂಕಿ ಬಿದ್ದಾಗ ಸ್ವೈಪ್ ಔಟ್ ಮಾಡಬೇಕೇ?

ಬೆಂಕಿ ಬಿದ್ದರೆ ಮನುಷ್ಯ ಮೊದಲು ಹೊರಗೆ ಓಡುತ್ತಾನೆ ಎಂದು ಯಾರಾದರೂ ನಂಬಿದ್ದರೆ, ಅವರು ನಮ್ಮ ಕಡೆ ಒಂದು ದಿನವೂ ಕೆಲಸ ಮಾಡಿಲ್ಲ ಎಂದೇ ಅರ್ಥ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಸೇಫ್ಟಿ ಆಫೀಸರ್ ಆಗಿದ್ದವನು. ಅಷ್ಟೂ ವರ್ಷದಲ್ಲಿ ಬೆಂಕಿಯ ತಾಲೀಮಾದ ಫೈರ್ ಡ್ರಿಲ್ಲಿನ ಸೈರನ್ ಕೇಳಿ ಒಬ್ಬನೇ ಒಬ್ಬ ಹೊರಗೆ ಬಂದದ್ದನ್ನು ನಾನು ನೋಡಲಿಲ್ಲ. ಕೆಲವರು ಸೈರನ್ ಆದ ಕೂಡಲೇ ಊಟದ ಡಬ್ಬಿ ಬಿಚ್ಚುತ್ತಿದ್ದರು. ಆ ಕಾರ್ಖಾನೆಯ ಜನ ಒಂದೇ ಒಂದು ಸಲವಾದರೂ ಕಾಲಿಗೆ ಬುದ್ಧಿ ಹೇಳಿ ಅಂಗಳಕ್ಕೆ ಬರುವುದನ್ನು ಕಣ್ಣಾರೆ ನೋಡಬೇಕು ಎಂಬ ಆಸೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿವೃತ್ತನಾದೆ.

ಆಮೇಲೆ ಎಲೆಕ್ಟ್ರಾನಿಕ್ ಸಿಟಿಯ ಮೂವರು ತರುಣರ ಕೈಗೆ ಸಿಕ್ಕಿಬಿದ್ದೆ. ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಅವರ ಕಂಪನಿ. ಉರಿಯುವ ಕಟ್ಟಡದಿಂದ ತಪ್ಪಿಸಿಕೊಂಡು ಬರುವ ಕಂಪ್ಯೂಟರ್ ಆಟವೊಂದನ್ನು ತಾವೇ ಕೂತು ಮಾಡಿ ಮಾರಾಟಕ್ಕೆ ಬಿಟ್ಟಿದ್ದರು. ಆಡಿದವರು ಇಂಟರ್‌ನೆಟ್ಟಿನಲ್ಲಿ ಅಭಿಪ್ರಾಯ ಬರೆದು, ಹೆಬ್ಬೆರಳನ್ನು ಮೇಲಕ್ಕೋ ಕೆಳಕ್ಕೋ ತೋರಿಸುತ್ತಾರಂತೆ. ಆ ಅಭಿಪ್ರಾಯಗಳನ್ನು ಓದಿ ಬೆಂಕಿಯ ವಿಷಯದಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಹೇಳುವುದು ನನ್ನ ಕೆಲಸ. ಈ ಆಟದ ನೆಪದಲ್ಲಾದರೂ ನಾಲ್ಕು ಜನ ಓಡುವುದನ್ನು ಕಲಿಯಲಿ ಎಂದು ಒಪ್ಪಿಕೊಂಡೆ.

ತೆರೆದ ಬಾಗಿಲು

ಮೊದಲ ವಾರ ಹೆಬ್ಬೆರಳುಗಳೆಲ್ಲ ಕೆಳಕ್ಕೇ ಇದ್ದವು. ವೈಟ್‌ಫೀಲ್ಡ್‌ನ ಒಬ್ಬ ಬರೆದಿದ್ದ: "ಬೆಂಕಿ, ಹೊಗೆ ಎಲ್ಲಾ ಸಕ್ಕತ್ತಾಗಿದೆ. ಆದ್ರೆ ಎಮರ್ಜೆನ್ಸಿ ಎಕ್ಸಿಟ್ ಬಾಗಿಲು ತಳ್ಳಿದ ತಕ್ಷಣ ತೆರೆದುಕೊಳ್ಳುತ್ತೆ. ಯಾವ ಲೋಕದ ಆಫೀಸು ಗುರು ಇದು?"

ಅವನ ಮಾತಿನ ಕೆಳಗೆ ಸಾಲುಗಟ್ಟಿ ಜನ ತಲೆಯಾಡಿಸಿದ್ದರು. ಒಬ್ಬರ ಆಫೀಸಿನಲ್ಲಿ ಆ ಬಾಗಿಲಿಗೆ ಮುರಿದ ಕುರ್ಚಿಗಳ ರಾಶಿ ಒರಗಿಸಿದ್ದಾರಂತೆ. ಇನ್ನೊಬ್ಬರಲ್ಲಿ ಬಾಗಿಲ ಮುಂದೆ ದೇವರ ಪಟ ಇಟ್ಟಿರುವುದರಿಂದ ಬೂಟು ಹಾಕಿಕೊಂಡು ಅತ್ತ ಸುಳಿಯುವಂತಿಲ್ಲವಂತೆ.

ನಾನು ಮೇಜು ಕುಟ್ಟಿದೆ. ಆ ಬಾಗಿಲಿಗೆ ಬೀಗ ಹಾಕುವಂತಿಲ್ಲ, ಕಾನೂನೇ ಇದೆ ಎಂದೆ. ಮೂವರಲ್ಲಿ ಹಿರಿಯವನು ಸಮಾಧಾನವಾಗಿ ಹೇಳಿದ: "ಅಂಕಲ್, ಕಾನೂನು ಬೇರೆ, ರಿಯಲಿಸಂ ಬೇರೆ."

ಮುಂದಿನ ವಾರ ಬಾಗಿಲಿಗೆ ಬೀಗ ಬಿತ್ತು. ಬೀಗದ ಕೈ ಸೆಕ್ಯೂರಿಟಿಯವನ ಜೇಬಿನಲ್ಲಿ, ಸೆಕ್ಯೂರಿಟಿ ಎದುರಿನ ಟೀ ಅಂಗಡಿಯಲ್ಲಿ. ಆಟಗಾರ ಹೊಗೆಯಲ್ಲಿ ಕೆಮ್ಮುತ್ತಾ ಫೋನ್ ಮಾಡಿದರೆ ಅವನು, "ಎರಡೇ ನಿಮಿಷ ಸಾರ್, ಬಂದೆ" ಎನ್ನುತ್ತಾನೆ. ಹೆಬ್ಬೆರಳುಗಳು ದಡಬಡನೆ ಮೇಲೆದ್ದವು. ಥೇಟ್ ನಮ್ಮ ಆಫೀಸೇ, ಕಣ್ಣಲ್ಲಿ ನೀರು ಬಂತು ಎಂದು ಒಬ್ಬಾಕೆ ಬರೆದಳು. ಒಬ್ಬ ಮಾತ್ರ ಒಪ್ಪಲಿಲ್ಲ. ಅವನ ದೂರು ಹೀಗಿತ್ತು: "ಸೆಕ್ಯೂರಿಟಿ ಮೊದಲನೇ ಸಲಕ್ಕೇ ಫೋನ್ ಎತ್ತುತ್ತಾನೆ. ಇದನ್ನು ಸರಿಪಡಿಸಿ."

ನಮ್ ಬಿಲ್ಡಿಂಗ್

ಒಂದು ಬೆಳಿಗ್ಗೆ ಬಿಳಿ ಪಂಚೆ, ಕೈಯಲ್ಲಿ ಎರಡು ಫೋನಿನ ಯಜಮಾನರೊಬ್ಬರು ಚಂದಾಪುರದಿಂದ ಬಂದರು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಐದು ಅಂತಸ್ತು ಎಬ್ಬಿಸಿ ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಬಾಡಿಗೆಯವರಲ್ಲಿ ಯಾರೋ ನಮ್ಮ ಆಟದ ಮೂರನೇ ಹಂತವನ್ನು ಅವರಿಗೆ ತೋರಿಸಿದ್ದರು.

"ನಮ್ ಬಿಲ್ಡಿಂಗ್‌ನ ಯಾಕ್ರಪ್ಪಾ ಇಂಗೆ ಸುಡ್ತಾ ಇದೀರಾ? ನಾನೇನ್ ನಿಮ್ಗೆ ಅನ್ಯಾಯ ಮಾಡಿದ್ದೆ?"

"ಅಣ್ಣಾ, ಅದು ಯಾರ ಬಿಲ್ಡಿಂಗೂ ಅಲ್ಲ. ನಾವೇ ಮನಸ್ಸಿಗೆ ಬಂದಂಗೆ ಬರೆದಿದ್ದು" ಎಂದ ಚಿತ್ರ ಬರೆಯುವ ತರುಣ.

"ಯಾರ್ಗೆ ಏಳ್ತೀಯಾ? ಒಂದೇ ಮೆಟ್ಲು, ಅದೂ ಒಬ್ಬ ಅತ್ತಿದ್ರೆ ಇನ್ನೊಬ್ಬ ಇಳಿಯೋ ಅಂಗಿಲ್ಲ. ಮೆಟ್ಲು ಕೆಳ್ಗೆ ಗ್ಯಾಸ್ ಸಿಲಿಂಡರು, ಅದ್ರ ಮುಂದೆ ಸ್ಕೂಟ್ರು. ಮೇಲೆ ಟೆರೇಸ್‌ಗೆ ಬೀಗ. ನಮ್ದಲ್ದೆ ಇನ್ಯಾರ್ದು?"

ಅದೇ ವಾರ ಸರ್ಜಾಪುರದ ಕಡೆಯ ಇಬ್ಬರು ಇದೇ ಕಟ್ಟಡವನ್ನು ತಮ್ಮದೆಂದು ಗುರುತು ಹಿಡಿದು ಬೈದು ಬರೆದಿದ್ದರು. ಅವರು ಬರೆದದ್ದನ್ನು ಯಜಮಾನರಿಗೆ ತೋರಿಸಿದೆ. ಓದಿ ಅವರ ಮುಖ ಅರಳಿತು. ತಮ್ಮ ಹಾಗೆ ಕಟ್ಟಿದವರು ಇನ್ನೂ ಇದ್ದಾರೆ ಎಂಬುದು ಅವರಿಗೆ ದೊಡ್ಡ ಧೈರ್ಯವಾಗಿರಬೇಕು. ನಾನು ಇದೇ ಸಮಯವೆಂದು ಸಿಲಿಂಡರ್ ತೆಗೆಸಿ, ಬೀಗ ತೆಗೆಸಿ ಎಂದು ಬೋಧನೆ ಶುರು ಮಾಡಿದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಹೊರಡುವಾಗ ಬಾಗಿಲಲ್ಲಿ ನಿಂತು, "ಸರಿ, ಸುಡ್ರಪ್ಪ, ಬೇಡ ಅನ್ನಲ್ಲ. ಎಂಗೂ ಅಷ್ಟು ಜನ ನೋಡ್ತಾರಲ್ಲ, ಮುಂದ್ಗಡೆ ಒಂದ್ ಟು-ಲೆಟ್ ಬೋರ್ಡ್ ಆಕ್ಬಿಡಿ" ಎಂದರು.

ಬಾಗಿಲವರೆಗೆ ಬಂದವರು

ಒಬ್ಬ ಹೆಣ್ಣುಮಗಳು ನಲವತ್ತು ಗಂಟೆ ಆಡಿದ್ದಳು. ದೊಡ್ಡ ಐಟಿ ಕಂಪನಿಯೊಂದರಲ್ಲಿ ಟೀಮ್ ಲೀಡ್. ಪ್ರತಿ ಸಲವೂ ಸತ್ತಿದ್ದಳು. ಅದೂ ಎಲ್ಲಿ? ಮುಖ್ಯ ಬಾಗಿಲಿನಿಂದ ಮೂರು ಹೆಜ್ಜೆ ದೂರದಲ್ಲಿ. ಹೊಗೆಯಲ್ಲಿ ತೆವಳಿದ್ದಾಳೆ, ಒದ್ದೆ ಕರವಸ್ತ್ರ ಮೂಗಿಗೆ ಕಟ್ಟಿದ್ದಾಳೆ, ನಾಲ್ಕು ಮಹಡಿ ಇಳಿದಿದ್ದಾಳೆ, ಎಲ್ಲವೂ ಆಟದಲ್ಲಿ ನಾನು ಸೇರಿಸಿದ ಸೂಚನೆಗಳ ಹಾಗೆಯೇ. ಬಾಗಿಲ ಹತ್ತಿರ ಬಂದು ಗೋಡೆ ತಡವುತ್ತಾ ನಿಂತುಬಿಡುತ್ತಾಳೆ.

ನನಗೆ ತಡೆಯಲಾಗಲಿಲ್ಲ; ದೂರಿನ ಜೊತೆ ಆಕೆ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. "ಮೇಡಂ, ಬಾಗಿಲು ಎದುರಿಗೇ ಇದೆ. ಅಲ್ಲಿ ಏನು ಹುಡುಕ್ತೀರಿ?"

"ಸ್ವೈಪ್ ಮೆಷಿನ್ ಸಾರ್, ಹಾಜರಿ ಕಾರ್ಡ್ ಉಜ್ಜೋದು. ಅಲ್ಲೆಲ್ಲೂ ಇಲ್ವಲ್ಲ."

"ಬೆಂಕಿ ಬಿದ್ದಾಗ ಸ್ವೈಪ್ ಔಟ್ ಯಾಕೆ ಮೇಡಂ?"

"ಏನ್ಸಾರ್ ಹಿಂಗ್ ಕೇಳ್ತೀರಾ? ಔಟ್ ಮಾಡ್ದೆ ಹೋದ್ರೆ ಅರ್ಧ ದಿನ ರಜಾ ಕಟ್ ಆಗುತ್ತೆ."

ಇದು ಆಟ, ಇಲ್ಲಿ ರಜೆಯೂ ಇಲ್ಲ, ಕಟ್ಟೂ ಇಲ್ಲ, ಸುಮ್ಮನೆ ಓಡಿ ಎಂದು ಬೇಡಿಕೊಂಡೆ. ಆಕೆ ಕೇಳಿದಳು: "ಸರಿ ಸಾರ್, ಓಡ್ತೀನಿ. ಆದ್ರೆ ಮ್ಯಾನೇಜರ್‌ಗೆ ಒಂದ್ ಮೆಸೇಜ್ ಹಾಕೋಕೆ ಆಟದಲ್ಲಿ ಯಾವ ಬಟನ್ ಒತ್ತಬೇಕು?"

ಇಪ್ಪತ್ತು ಸೆಕೆಂಡು

ಹೊಸ ಹಂತವನ್ನು ಬಿಡುವ ಮುನ್ನ ಹೊರಗಿನವರಿಂದ ಆಡಿಸಿ ನೋಡುವ ಪದ್ಧತಿ. ಪಕ್ಕದ ನಿವೇಶನದಲ್ಲಿ ಕಟ್ಟಡ ಏಳುತ್ತಿತ್ತು. ಅಲ್ಲಿನ ಮೇಸ್ತ್ರಿ, ಬಾಗಲಕೋಟೆ ಕಡೆಯ ಐವತ್ತರ ಆಸುಪಾಸಿನವರು, ಕುಡಿಯುವ ನೀರಿಗೆಂದು ಬಂದಿದ್ದರು. ಅವರನ್ನೇ ಕೂರಿಸಿದೆವು. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದಷ್ಟೇ ಹೇಳಿಕೊಟ್ಟೆವು.

ಪರದೆಯ ಮೇಲೆ ಬೆಂಕಿ ಹತ್ತಿತು. ಮೇಸ್ತ್ರಿ ಕುರ್ಚಿ ಎತ್ತಿ ಕಿಟಕಿಯ ಗಾಜಿಗೆ ಬಡಿದರು, ಕೆಳಗಿನ ಕಿಟಕಿಯ ಸಜ್ಜದ ಮೇಲೆ ಇಳಿದರು, ಅಲ್ಲಿಂದ ಕೆಳಗೆ ಹಾರಿದರು. ಇಪ್ಪತ್ತು ಸೆಕೆಂಡು. ನನಗೆ ಎದ್ದು ಅವರನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಮೂವರು ತರುಣರ ಮುಖ ಮಾತ್ರ ಇಂಗು ತಿಂದ ಮಂಗನಂತಾಯಿತು.

"ಅಣ್ಣಾ, ನೀವು ಮೊದ್ಲು ಸೆಕ್ಯೂರಿಟಿಗೆ ಫೋನ್ ಮಾಡ್ಬೇಕಿತ್ತು" ಎಂದ ಹಿರಿಯವನು.

"ಯಾಕ್ರಿ? ಅವನೂ ಬಂದು ಸಾಯಬೇಕೇನು?"

"ಹಂಗಲ್ಲ, ಆಟ ಹೆಂಗಿತ್ತು ಹೇಳಿ."

"ಬೆಂಕಿ ಹತ್ತಿತು, ಹೊರಗ ಬಂದ್ನಿ. ಇದ್ರಾಗ ಆಟ ಎಲ್ಲೈತ್ರಿ?" ಎಂದು ನೀರಿನ ಕ್ಯಾನ್ ಹೆಗಲಿಗೇರಿಸಿ ಹೋದರು.

ಸಂಜೆಯೊಳಗೆ ಕಿಟಕಿಗಳಿಗೆಲ್ಲ ಕಬ್ಬಿಣದ ಗ್ರಿಲ್ ಬಂತು. ಬದಲಾವಣೆಗಳ ಪಟ್ಟಿಯಲ್ಲಿ ಹಿರಿಯವನು ಬರೆದ: "ಆಟಗಾರರು ಬದುಕುಳಿಯುತ್ತಿದ್ದ ದೋಷವನ್ನು ಸರಿಪಡಿಸಲಾಗಿದೆ."

ಎಂಡಿ ಸಾಹೇಬರ ಅಭಿಪ್ರಾಯ

ಇಷ್ಟಾಗುವಾಗ ನನ್ನ ಹಳೆಯ ಕಾರ್ಖಾನೆಯ ಎಂಡಿ ಫೋನ್ ಮಾಡಿದರು. ಆಟದ ವಿಷಯ ಅವರ ಕಿವಿಗೂ ಬಿದ್ದಿತ್ತು. "ಏನ್ರೀ, ನಮ್ಮೋರಿಗೆ ಇದನ್ನೇ ಆಡಿಸಿಬಿಟ್ರೆ ಫೈರ್ ಡ್ರಿಲ್ ಆದಂಗೇ ಅಲ್ವಾ? ಮೆಷಿನ್ ನಿಲ್ಲಿಸೋ ತಾಪತ್ರಯ ಇಲ್ಲ" ಎಂದರು. ಮೂವರು ತರುಣರು ಕುಣಿದಾಡಿದರು. ನನಗೆ ಸಂಕಟವಾಯಿತು. ಇನ್ನು ಆ ಅಂಗಳಕ್ಕೆ ಯಾರೂ ಎಂದೂ ಬರುವುದಿಲ್ಲವಲ್ಲ ಎಂದು ನಿಜವಾಗಿಯೂ ಬೇಜಾರಾಯಿತು.

ವಾರ ಕಳೆದು ಫಲಿತಾಂಶ ಬಂತು. ನೂರ ಎಂಬತ್ತು ಜನ ಕಾರ್ಮಿಕರು, ನೂರ ಎಂಬತ್ತೂ ಪಾರು. ಪ್ರತಿಯೊಬ್ಬರೂ ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿನಲ್ಲೇ ಹೊರಗೆ! ವಿಚಾರಿಸಿದರೆ ಕಂಪ್ಯೂಟರ್ ಆಪರೇಟರ್ ಹೆಣ್ಣುಮಗಳು ಒಂದು ಸಲ ಗೆದ್ದು, ಅದನ್ನೇ ಎಲ್ಲರ ಹೆಸರಿಗೂ ನಕಲು ಮಾಡಿದ್ದಳು.

ಆಕೆಯನ್ನು ಬಿಟ್ಟರೆ ಸ್ವಂತವಾಗಿ ಆಡಿದವರು ಎಂಡಿ ಒಬ್ಬರೇ. ಮೂರು ಸಲ ಆಡಿ ಮೂರು ಸಲವೂ ಆಟದಲ್ಲಿ ತಮಗೆ ಸಿಕ್ಕ ಕೋಣೆಯಲ್ಲೇ ಸುಟ್ಟುಹೋಗಿದ್ದರು. ಬಾಗಿಲ ಮುಂದೆ ಬಂದು ನಿಂತು, ಯಾರಾದರೂ ತೆಗೆಯಲಿ ಎಂದು ಕಾಯುತ್ತಿದ್ದರಂತೆ. ಹೆಬ್ಬೆರಳು ಕೆಳಗಿಟ್ಟು ಅಭಿಪ್ರಾಯವನ್ನೂ ಬರೆಸಿದ್ದರು: "ಈ ಆಟದಲ್ಲಿ ಹುದ್ದೆಗೆ ಬೆಲೆಯಿಲ್ಲ."

ಸಿಕ್ಕಿದ ಅವಕಾಶ ಬಿಡಬಾರದೆಂದು ಮಾರನೆಯ ದಿನವೇ ಪೀಣ್ಯಕ್ಕೆ ಹೋದೆ. "ಸಾರ್, ಆಟವೇ ಸರಿಯಿಲ್ಲ. ನಿಮ್ಮಂಥೋರು ನಿಜವಾದ ಬೆಂಕೀಲಿ ಸಾಯ್ತೀರಾ? ಒಂದ್ಸಲ ನಿಜವಾಗ್ಲೂ ಡ್ರಿಲ್ ಮಾಡಿ ತೋರಿಸಿ, ಎಲ್ರಿಗೂ ಗೊತ್ತಾಗ್ಲಿ" ಎಂದೆ.

ಅವರ ಪೌರುಷ ಕೆರಳಿತು. "ನಾಳೆ ಹನ್ನೊಂದು ಗಂಟೆಗೆ! ಮೆಷಿನ್ ಎಲ್ಲಾ ಆಫ್! ಹೊರಗೆ ಬರ್ದೇ ಇದ್ದೋನ್ನ ಮನೇಗೇ ಕಳಿಸ್ತೀನಿ!"

ಹನ್ನೊಂದಕ್ಕೆ ಸೈರನ್ ಕೂಗಿತು. ನಾನು ಅಂಗಳದಲ್ಲಿ ಗಡಿಯಾರ ಹಿಡಿದು ನಿಂತಿದ್ದೆ. ಅರ್ಧ ನಿಮಿಷ ಯಾರೂ ಇಲ್ಲ. ನನ್ನ ಹಣೆಬರಹ ಇಷ್ಟೇ ಎಂದುಕೊಳ್ಳುವಷ್ಟರಲ್ಲಿ ಪ್ರೆಸ್ ವಿಭಾಗದವರು ಬಂದರು. ಅವರ ಹಿಂದೆ ಪ್ಯಾಕಿಂಗ್‌ನ ಹೆಂಗಸರು ಕೈಕೈ ಹಿಡಿದುಕೊಂಡು ಬಂದರು. ಕ್ಯಾಂಟೀನಿನ ಭಟ್ಟರು ಸೌಟಿನ ಸಮೇತ ಓಡಿಬಂದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅಳು ಬಂತು. ಇಪ್ಪತ್ತೆರಡು ವರ್ಷ ಕಾದದ್ದು ಮೂರು ನಿಮಿಷದಲ್ಲಿ ಆಗಿಹೋಯಿತು. ಎಣಿಸಿದೆ, ನೂರ ಎಂಬತ್ತೂ ಇದ್ದರು. ಎಂಡಿ ಇರಲಿಲ್ಲ.

ಗಾಬರಿಯಿಂದ ಮೆಟ್ಟಿಲು ಹತ್ತಿದೆ. ಸಾಹೇಬರು ತಮ್ಮ ಕೋಣೆಯಲ್ಲಿ ಸಿಸಿಟಿವಿಯ ಮುಂದೆ ಆರಾಮವಾಗಿ ಕೂತಿದ್ದರು.

"ಸಾರ್, ನೀವು ಬರ್ಲೇ ಇಲ್ವಲ್ಲ?"

"ನಾನೂ ಬಂದ್ರೆ ಯಾರ್ಯಾರು ನಿಧಾನವಾಗಿ ಹೋದ್ರು ಅಂತ ನೋಡೋರ್ಯಾರ್ರೀ?"

ಡ್ರಿಲ್ ಮುಗಿದ ಮೇಲೆ ಒಂದು ರಿಜಿಸ್ಟರ್ ತುಂಬಬೇಕು. ಹೊತ್ತಿಗೆ ಸರಿಯಾಗಿ ಹೊರಗೆ ಬಾರದವರನ್ನು ಸತ್ತವರ ಲೆಕ್ಕಕ್ಕೆ ಹಾಕುವುದು ನಿಯಮ. ನಿವೃತ್ತನಾದರೂ ನಾನೇ ಅವರ ಎದುರಿನಲ್ಲಿ ಕೂತು, ಇದ್ದದ್ದನ್ನು ಇದ್ದ ಹಾಗೆ ಬರೆದೆ: "ಒಟ್ಟು ನೂರ ಎಂಬತ್ತೊಂದು. ಪಾರಾದವರು ನೂರ ಎಂಬತ್ತು. ಸತ್ತವರು ಒಬ್ಬರು, ಎಂಡಿ." ಪುಸ್ತಕವನ್ನು ಅವರ ಮುಂದೆ ತಳ್ಳಿದೆ.

"ಪ್ಯಾಕಿಂಗ್‌ನೋರು ಇನ್ನೂ ಹರಟೆ ಹೊಡೀತಾ ನಿಂತಿದಾರೆ ನೋಡ್ರೀ" ಎನ್ನುತ್ತಾ, ಪರದೆಯಿಂದ ಕಣ್ಣು ಕೀಳದೆಯೇ, ಷರಾ ಎಂಬ ಕಾಲಂನಲ್ಲಿ ಸ್ವಂತ ಕೈಯಿಂದ "ತೃಪ್ತಿಕರ" ಎಂದು ಬರೆದು ಸಹಿ ಹಾಕಿದರು.