ತಟ್ಟುವ ವಾರ

ದಪ್ಪ ಹಾಳೆಗೆ ಆರು ಯೂರೋ, ಮಸಿಪೆನ್ನಿಗೆ ನಾಲ್ಕು. ಒಂದು ಚಿತ್ರ ಕೆಟ್ಟರೆ ಹತ್ತು ಯೂರೋ ಹೋಯಿತು, ಜೊತೆಗೆ ಒಂದು ಬೆಳಗೂ ಹೋಯಿತು. ಹಾಗಾಗಿ ಹೇಫೆಲೆ ತಪ್ಪು ಮಾಡುವವನೇ ಅಲ್ಲ.

ಅವನ ಕಷ್ಟವೂ ಅದೇ. ಕಂಪ್ಯೂಟರಿಗೆ ಸೂತ್ರ ಬರೆದುಕೊಟ್ಟು, ಅದಕ್ಕೆ ಜೋಡಿಸಿದ ಯಂತ್ರದ ಕೈಗೆ ಪೆನ್ನು ಸಿಕ್ಕಿಸಿ ಚಿತ್ರ ಬರೆಸುವುದು ಅವನ ಕಲೆ. ಗೆರೆ ಎಲ್ಲಿ ತಿರುಗಬೇಕೆಂದು ಕಂಪ್ಯೂಟರು ದಾಳ ಉರುಳಿಸಿ ತೀರ್ಮಾನಿಸಬೇಕು. ಆ ದಾಳಕ್ಕೆ ಹೇಫೆಲೆ ಕೂದಲೆಳೆಯಷ್ಟು ಜಾಗ ಬಿಟ್ಟಿದ್ದ, ಅದನ್ನೂ ಅಳೆದು. ಅವನ ಚಿತ್ರಗಳು ಇಸ್ತ್ರಿ ಮಾಡಿ ನೇತುಹಾಕಿದ ಅಂಗಿಗಳಂತಿದ್ದವು. ಒಳಗೆ ಮನುಷ್ಯ ಮಾತ್ರ ಇರುತ್ತಿರಲಿಲ್ಲ.

ಆ ಶನಿವಾರ ಗ್ಯಾಲರಿಯ ಯೂಡಿತ್ ಚಿತ್ರ ನೋಡಲು ಬರುವವಳಿದ್ದಳು. ಅವಳು ಒಪ್ಪಿದರೆ ವಸಂತದ ಪ್ರದರ್ಶನದಲ್ಲಿ ಹೇಫೆಲೆಗೂ ಒಂದು ಗೋಡೆ. ಗೋಡೆಯ ಮುಂದೆ ನಾಲ್ಕು ಜನ ನಿಲ್ಲುತ್ತಾರೆ, ಏನಾದರೂ ಕೇಳುತ್ತಾರೆ, ಇವನು ಉತ್ತರ ಹೇಳುತ್ತಾನೆ. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಮೀಟರ್ ನೋಡುವವನನ್ನು ಬಿಟ್ಟರೆ ಅವನ ಮನೆಯ ಎರಡನೆಯ ಕುರ್ಚಿಯಲ್ಲಿ ಯಾರೂ ಕೂತು ವರ್ಷಗಳಾಗಿದ್ದವು.

ಬೆಳಿಗ್ಗೆ ಯಂತ್ರ ಗುಂಯ್‌ಗುಟ್ಟತೊಡಗಿತು. ಸ್ವಲ್ಪ ಹೊತ್ತಿಗೆ ಕೆಳಮನೆಯ ಶ್ರೀಮತಿ ರಾಪ್ ಪೊರಕೆಯ ಹಿಡಿಯಿಂದ ತನ್ನ ಸೂರಿಗೆ, ಅಂದರೆ ಇವನ ನೆಲಕ್ಕೆ, ಗುದ್ದತೊಡಗಿದಳು. ಆಕೆಯ ಸಿಟ್ಟಿಗೆ ಸದ್ದು ಅರ್ಧ ಕಾರಣ. ಜರ್ಮನಿಯ ಸ್ಟುಟ್‌ಗಾರ್ಟಿನ ಮಹಡಿ ಕಟ್ಟಡಗಳಲ್ಲಿ ಮೆಟ್ಟಿಲು ಗುಡಿಸುವುದು ವಾರಕ್ಕೊಬ್ಬರ ಸರದಿ. ಸರದಿಯ ಹಲಗೆ ಬಾಗಿಲಿಂದ ಬಾಗಿಲಿಗೆ ಹೋಗುತ್ತದೆ. ಹಲಗೆ ಸೋಮವಾರದಿಂದ ಹೇಫೆಲೆಯ ಬಾಗಿಲಲ್ಲಿತ್ತು, ಕಸ ಮೆಟ್ಟಿಲಲ್ಲೇ ಇತ್ತು.

ಒಂದೊಂದು ಗುದ್ದಿಗೂ ಪೆನ್ನು ಹಾರಿತು. ಹೇಫೆಲೆ ಕೆಟ್ಟ ಹಾಳೆಯನ್ನು ಅಂಟುಪಟ್ಟಿ ಸಮೇತ ಕಿತ್ತು, ಅಂಗಳದಲ್ಲಿ ಬರೀ ಕಾಗದಕ್ಕೆಂದಿದ್ದ ಕಸದ ತೊಟ್ಟಿಗೆ ಹಾಕಿ, ಪೊರಕೆ ಹಿಡಿದು ಮೆಟ್ಟಿಲಿಗೆ ಬಂದ. ನೆಲಮಹಡಿಯ ಕುರ್ಟ್ಸ್, ನಿವೃತ್ತ ಟ್ರಾಮ್ ಚಾಲಕ, ಕಾಫಿ ಲೋಟ ಹಿಡಿದು ನಿಂತು ಉಳಿದ ಮೂಲೆಗಳನ್ನೆಲ್ಲ ತೋರಿಸಿಕೊಟ್ಟ. ಕಸದ ಮೊರವನ್ನು ದಾಟಿಕೊಂಡು ಬಂದ ಯೂಡಿತ್, ಕಲಾವಿದರ ಮನೆ ಯಾವುದೆಂದು ಹೇಫೆಲೆಯನ್ನೇ ಕೇಳಿದಳು.

ಒಳಗೆ ಅವಳು ನಿಂತುಕೊಂಡೇ ಹಾಳೆಗಳನ್ನು ತಿರುವಿದಳು.

"ಚೆನ್ನಾಗಿವೆ. ಆದ್ರೆ ಇದ್ರಲ್ಲಿ ಒಂದಾದ್ರೂ ನಿಮ್ಮನ್ನ ಬೆಚ್ಚಿಬೀಳಿಸಿದ್ಯಾ?"

ಇಲ್ಲವೆಂದ ಹೇಫೆಲೆ, ಸ್ವಲ್ಪ ಹೆಮ್ಮೆಯಿಂದಲೇ. ಅವಳು ಕೋಟಿನ ಗುಂಡಿ ಹಾಕಿಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ಶ್ರೀಮತಿ ರಾಪ್, ಕೈಯಲ್ಲಿ ತೊಟ್ಟಿಯಿಂದೆತ್ತಿದ ಹಾಳೆ.

"ಕಾಗದದ ತೊಟ್ಟಿಗೆ ಅಂಟುಪಟ್ಟಿ ಹಾಕ್ತಾರೇನ್ರೀ ಹೇಫೆಲೆಯವ್ರೇ? ತಲೆ ನರೆತ್ರೂ ಅಷ್ಟು ಗೊತ್ತಾಗಲ್ವಾ ನಿಮ್ಗೆ?"

ಯೂಡಿತ್ ಆ ಹಾಳೆಯನ್ನು ಕಿತ್ತುಕೊಂಡಳು. ನಾಯಿ ನುಗ್ಗಿದ ಕುರಿಮಂದೆಯಂತೆ ಗೆರೆಗಳು ಚೆದುರಿ ಓಡಿದ್ದವು. ಯಾವ ಸೂತ್ರವೆಂದು ಕೇಳಿದಳು. ಸುಳ್ಳು ಹೇಳುವುದೂ ಒಂದು ತಪ್ಪೇ ಆದ್ದರಿಂದ ಹೇಫೆಲೆಗೆ ಅಭ್ಯಾಸವಿರಲಿಲ್ಲ.

"ಇವ್ರ ಪೊರಕೆ," ಎಂದ.

ಇಂಥವೇ ಇನ್ನೂ ನಾಲ್ಕು, ಮುಂದಿನ ಶನಿವಾರದೊಳಗೆ ಕೊಟ್ಟರೆ ಗೋಡೆ ನಿಮ್ಮದು ಎಂದು ಹೇಳಿ, ಹಾಳೆಯನ್ನು ಮೇಜಿನ ಮೇಲಿಟ್ಟು ಅವಳು ಹೊರಟುಹೋದಳು.

ಶ್ರೀಮತಿ ರಾಪ್ ಎರಡನೆಯ ಕುರ್ಚಿಯಲ್ಲಿ ಕೂತಳು. ಹಾಳೆಯನ್ನೇ ನೋಡಿದಳು.

"ಇದು ನನ್ನ ಸಿಟ್ಟಾ?"

"ಹೂಂ."

"ಇಷ್ಟೊಂದಾ?"

ಇನ್ನೂ ಒಂದಿಷ್ಟು ದಿನ ಗುದ್ದುತ್ತೀರಾ ಎಂದು ಹೇಫೆಲೆ ತೊದಲುತ್ತ ಕೇಳಿದ. ಕಟ್ಟಡದವರೆಲ್ಲರ ಹತ್ತಿರ ಮಾತಾಡಿ ಹೇಳುತ್ತೇನೆಂದು ಆಕೆ ಇಳಿದುಹೋದಳು. ಅವನು ಬೇಕರಿಗೆ ಓಡಿ ಜಡೆಯಂತೆ ಹೆಣೆದ ಸಿಹಿಬ್ರೆಡ್ ತಂದು, ಎರಡು ಬಟ್ಟಲು ತೊಳೆದಿಟ್ಟು ಕಾದ.

ಸಂಜೆ ಬಂದದ್ದು ಕುರ್ಟ್ಸ್. ಗುಡಿಸುವ ಹಲಗೆಯ ಪಕ್ಕದಲ್ಲಿ ಹೊಸದೊಂದು ಹಲಗೆ ತೂಗುಹಾಕಿದ: 'ತಟ್ಟುವ ವಾರ'.

"ಒಬ್ಬರ ಮೇಲೇ ಹೊರೆ ಹಾಕೋದು ನ್ಯಾಯ ಅಲ್ಲ ಅಂತ ಎಲ್ರೂ ಸೇರಿ ತೀರ್ಮಾನ ಮಾಡಿದ್ವಿ. ವಾರಕ್ಕೊಬ್ರು. ಐದು ನಿಮಿಷಕ್ಕೊಂದು ಏಟು, ಊಟದ ಹೊತ್ತು ಬಿಡುವು, ಭಾನುವಾರ ರಜ."

"ಮೊದ್ಲು ಯಾರು?"

"ಮೇಲಿನ ಮಹಡಿಯಿಂದ ಶುರು. ನೀವೇ."

ಕುರ್ಟ್ಸನ ಹಿಂದೆ ಶ್ರೀಮತಿ ರಾಪ್, ಪ್ರಯಾಣದ ಕೋಟಿನಲ್ಲಿ, ಮುಖವರಳಿಸಿಕೊಂಡು ನಿಂತಿದ್ದಳು. ತನ್ನ ಸರದಿ ಒಂದು ವಾರದ ಮೇಲಾದ್ದರಿಂದ ಅಲ್ಲಿಯವರೆಗೆ ಉಲ್ಮ್ ಊರಿನ ತಂಗಿಯ ಮನೆಗೆ ಹೊರಟಿದ್ದಳು. ಬೀಗದ ಕೈ ಕೊಟ್ಟಳು.

"ನಮ್ಮ ಅಡುಗೆಮನೇಲಿ ನಿಂತು ತಟ್ಟಿ. ಪೊರಕೆ ಬಾಗಿಲ ಹಿಂದಿದೆ."

ಹೇಫೆಲೆ ತನ್ನ ಮನೆಯಲ್ಲಿ ಯಂತ್ರ ಹಚ್ಚಿ, ಕೆಳಗಿಳಿದು, ಆಕೆಯ ಖಾಲಿ ಅಡುಗೆಮನೆಯಲ್ಲಿ ಗಡಿಯಾರ ನೋಡುತ್ತ ಸೂರಿಗೆ ತಟ್ಟಿದ. ಸಿಟ್ಟು ತರಿಸಿಕೊಳ್ಳಲು ನೋಡಿದ. ಬರಲಿಲ್ಲ. ಮೇಲೆ ಬೆಚ್ಚಿಬೀಳಲು ಯಾರೂ ಇರಲಿಲ್ಲ. ಹತ್ತಿ ಹೋಗಿ ನೋಡಿದರೆ ಹಾಳೆಯ ತುಂಬ ಸಮ ಅಂತರದ ಗುರುತುಗಳು, ಬಾಚಣಿಗೆಯ ಹಲ್ಲಿನಂತೆ. ಅವನು ಎಂದೂ ಬರೆಯದಷ್ಟು ಅಚ್ಚುಕಟ್ಟಾದ ಚಿತ್ರ, ಯೂಡಿತ್ ಮತ್ತೆ ಕೋಟಿನ ಗುಂಡಿ ಹಾಕಿಕೊಳ್ಳುವಂಥದ್ದು.

ಆ ದಿನ ಹೇಫೆಲೆಗೆ ಸಿಕ್ಕಿದ್ದು ಒಂದು ಹಲಗೆ ಮತ್ತು ಒಂದು ಬೀಗದ ಕೈ. ಕಳೆದದ್ದು ಎರಡು ಹಾಳೆ, ಒಂದು ಗೋಡೆ, ಮತ್ತು ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಕೆಳಗಿದ್ದ ಒಂದು ಜೀವ.